ಪಿತೃಪಕ್ಷದಲ್ಲಿ ನೋಡಿದ ಸೈಟು

1977ರ ಅಕ್ಟೋಬರ್ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ, ಮಾಗಡಿ ರಸ್ತೆಯಿಂದ ಒಳಗಿದ್ದ ಒಂದು ಹಳ್ಳಿಯ ಅಂಚಿನಲ್ಲಿ, ನನ್ನ ಅಕ್ಕ ತಾನು ಮುಂಗಡ ಕೊಟ್ಟಿದ್ದ ಸೈಟಿನ ಮೂಲೆಕಲ್ಲುಗಳನ್ನು ಛತ್ರಿಯ ತುದಿಯಿಂದ ಹುಡುಕಿದಳು. ನಾಲ್ಕರಲ್ಲಿ ಒಂದೂ ಕಾಣಲಿಲ್ಲ. ಸೈಟಿನ ಮೇಲೆ ಮೊಣಕಾಲಿಗಿಂತ ಸ್ವಲ್ಪ ಕಡಿಮೆ ನೀರು ನಿಂತಿತ್ತು. ನೋಂದಣಿಗೆ ಹದಿನೈದು ದಿನ ಉಳಿದಿತ್ತು.

ಆಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ. ಆರು ಸಂಸಾರಗಳಿಗೆ ಅಂಗಳದಲ್ಲಿ ಒಂದು ನಲ್ಲಿ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದ ಮೇಲೆ ನಲ್ಲಿಯ ಮುಂದಿನ ಕೊಡಗಳ ಸಾಲು ಕರಗುತ್ತಿತ್ತು, ಗಂಡಸರು ಸೈಕಲ್ ಹತ್ತಿ ಹೋಗುತ್ತಿದ್ದರು, ಅಂಗಳ ಹೆಂಗಸರದಾಗುತ್ತಿತ್ತು. ನಾನು ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ಅಕ್ಕ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಲ್ಲಿಂದಾಚೆ ನನ್ನ ಫೀಸು, ಅಮ್ಮನ ಔಷಧಿ, ಮನೆ ಬಾಡಿಗೆ ಎಲ್ಲವೂ ಅಕ್ಕನ ಸಂಬಳದಿಂದಲೇ ನಡೆದವು. ಅವಳ ಮದುವೆಯ ಮಾತು ಎರಡು ಮೂರು ಸಲ ಬಂದು ಹೋಯಿತು. ಆಮೇಲೆ ಬರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ನನ್ನ ಮದುವೆಯಾಯಿತು. ಮದುವೆಯ ಮರುದಿನ ಅಕ್ಕ ತನ್ನ ಹಾಸಿಗೆಯನ್ನು ಅಡುಗೆಮನೆಗೆ ಸಾಗಿಸಿದಳು. ಸೀರೆಗಳನ್ನು ಅಡುಗೆಮನೆಯ ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದಳು. ಯಾರೂ ಅವಳಿಗೆ ಹಾಗೆ ಮಾಡು ಎಂದಿರಲಿಲ್ಲ. ನಾನು ಅದನ್ನು ಗಮನಿಸಿದ್ದು ಎರಡು ವಾರದ ನಂತರ, ಅವಳ ಸೀರೆಗೆ ಒಗ್ಗರಣೆಯ ವಾಸನೆ ಬರುತ್ತಿದೆ ಎಂದು ನನ್ನ ಹೆಂಡತಿ ಹೇಳಿದಾಗ.

ಯುಗಾದಿ ಕಳೆದ ಮೇಲೆ ಅಕ್ಕ ಒಂದು ಸಂಜೆ ನನ್ನ ಬಳಿ ಬಂದು ಕೂತಳು. ಮನೆ ಕಟ್ಟಿಕೊಳ್ಳುವವರಿಗೆ ಶಿಕ್ಷಕರ ಭವಿಷ್ಯನಿಧಿಯಿಂದ ಹಣ ತೆಗೆಯಲು ಬಿಡುತ್ತಾರಂತೆ, ವಿಚಾರಿಸಿದ್ದಾಳಂತೆ.

"ಸರ್ವಿಸ್‌ನಲ್ಲಿ ಒಂದೇ ಸಲ ಕೊಡೋದಂತೆ ಕಣೋ. ಅದನ್ನ ಹಾಳು ಮಾಡ್ಕೊಂಡ್ರೆ ರಿಟೈರ್ ಆಗೋವರೆಗೂ ಏನೂ ಇಲ್ಲ."

ಒಳಗಿನಿಂದ ಅಮ್ಮ ಕೇಳಿಸಿಕೊಂಡು ಹೊರಗೆ ಬಂದಳು. ಸೈಟು ಕೊಳ್ಳುವುದಕ್ಕೆ ಅವಳ ವಿರೋಧವಿರಲಿಲ್ಲ. ನನ್ನ ಹೆಸರಿಗೆ ಮಾಡಿಸಬೇಕು ಎನ್ನುವುದು ಅವಳ ವಾದ. ಗಂಡುಮಗ ಇರುವಾಗ ಮಗಳ ಹೆಸರಿಗೇಕೆ, ನಾಳೆ ಇವಳನ್ನು ನೋಡಿಕೊಳ್ಳುವವನೂ ಅವನೇ ಅಲ್ಲವೇ ಎಂದಳು.

"ನೋಡ್ಕೊಳ್ಲಿ," ಅಂದಳು ಅಕ್ಕ. "ನನ್ನ ಮನೆಗೆ ಬಂದು ನೋಡ್ಕೊಳ್ಲಿ."

ಆ ದಿನಗಳಲ್ಲಿ ಜನರ ಬಾಯಲ್ಲಿ ಎರಡು ಬಗೆಯ ಸೈಟುಗಳಿದ್ದವು. ಒಂದು ಬೋರ್ಡ್ ಸೈಟು, ಅಂದರೆ ಸರ್ಕಾರದ ಬಡಾವಣೆಯದು. ಅರ್ಜಿ ಹಾಕಿ ಸರದಿ ಕಾಯಬೇಕು. ನಮ್ಮ ಕಚೇರಿಯಲ್ಲಿ ಅರ್ಜಿ ಹಾಕದವರೇ ಇರಲಿಲ್ಲ. ಇನ್ನೊಂದು, ನಗರದ ಅಂಚಿನ ಹಳ್ಳಿಯವರು ತಮ್ಮ ಜಮೀನನ್ನು ಅಳೆದು ಕಲ್ಲು ನೆಟ್ಟು ಮಾರುತ್ತಿದ್ದುದು. ಅಕ್ಕನ ಅರ್ಜಿ ನಾಲ್ಕು ವರ್ಷದಿಂದ ಬೋರ್ಡಿನಲ್ಲಿತ್ತು. ಹೀಗಾಗಿ ಎರಡನೆಯ ದಾರಿ ಹಿಡಿದೆವು.

ನಮ್ಮ ಪ್ರೂಫ್ ವಿಭಾಗದಲ್ಲಿ ಒಬ್ಬ ಹಿರಿಯರಿದ್ದರು. ಬಸವೇಶ್ವರನಗರದ ಕಡೆ ಒಂದು ಸೈಟು ಕೊಂಡು ಮನೆ ಕಟ್ಟಿದ್ದರು. ಕ್ರಯಪತ್ರವನ್ನು ಅವರು ಪ್ರೂಫ್ ಓದಿದಂತೆಯೇ, ಸಾಲಿನ ಕೆಳಗೆ ಪೆನ್ಸಿಲ್ ಹಿಡಿದು ಓದುತ್ತಿದ್ದರು. ನಾನು ಹೋಗಿ ಕೇಳಿದಾಗ ಅವರು ಕನ್ನಡಕ ತೆಗೆದು ಹೇಳಿದ್ದು ಇಷ್ಟು:

"ಮಾರೋನ ಮುಖ ನೋಡ್ಬೇಡಪ್ಪ. ಅವನ ತಾತನ ಕಾಗದ ನೋಡು."

ಆಮೇಲೆ ಹಳೆಯ ಪ್ರೂಫ್ ಹಾಳೆಯೊಂದರ ಬೆನ್ನಿಗೆ ಪಟ್ಟಿ ಬರೆದುಕೊಟ್ಟರು. ಮೂಲ ಪತ್ರ. ಜಮೀನಿನ ಮೇಲೆ ಸಾಲವಿಲ್ಲ ಎನ್ನುವುದಕ್ಕೆ ಋಣಭಾರ ಪತ್ರ. ಖಾತೆ, ಪಹಣಿ, ಕಂದಾಯ ಕಟ್ಟಿದ ರಸೀದಿಗಳು. ಮನೆ ಕಟ್ಟಲು ಪರಿವರ್ತನೆಯ ಆದೇಶ. ವಂಶವೃಕ್ಷ, ಅದರಲ್ಲಿ ಸಹಿ ಹಾಕದ ಅಣ್ಣತಮ್ಮಂದಿರು ಯಾರು, ವಯಸ್ಸಿಗೆ ಬಾರದ ಗಂಡುಮಕ್ಕಳು ಯಾರು. ಕೊನೆಗೆ ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ದಿಕ್ಕಿನ ಗಡಿ. ಪತ್ರದಲ್ಲಿ ಬರೆದದ್ದೂ ನೆಲದ ಮೇಲಿರುವುದೂ ಒಂದೇ ಆಗಿರಬೇಕು. ಆ ಪಟ್ಟಿಯಲ್ಲಿ ತಪ್ಪಿರಲಿಲ್ಲ. ಮೊದಲ ಸಲ ಸೈಟು ಕೊಳ್ಳುವವರಿಗೆ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ, ಒಂದು ಸಾಲು ಸೇರಿಸಿ.

ವೈಶಾಖದಲ್ಲಿ ನಾನು, ಅಕ್ಕ ಆ ಹಳ್ಳಿಗೆ ಹೋದೆವು. ಬಸ್ಸು ವಿಜಯನಗರದವರೆಗೆ. ಅಲ್ಲಿಂದ ಮುಂದೆ ನಡೆಯಬೇಕು. ವಿಜಯನಗರದಲ್ಲೇ ಆಗ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು. ಮೂಲೆಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ನಡುವೆ ಲಂಟಾನ ಪೊದೆ, ಮೇಕೆಗಳು. ಬಡಾವಣೆ ಮುಗಿದಲ್ಲಿ ರಾಗಿ ಹೊಲ. ಬಿಸಿಲಿಗೆ ಹೊಲ ಬೋಳಾಗಿತ್ತು, ಕಾಲಿಟ್ಟಲ್ಲಿ ಮಣ್ಣು ಪುಡಿಯಾಗುತ್ತಿತ್ತು. ಅಕ್ಕ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆದಳು. ಮದುವೆಗೆ ಮುಂಚಿನ ದಿನಗಳಲ್ಲಿ ನಾವಿಬ್ಬರೂ ಭಾನುವಾರ ಹೀಗೆ ಗೊತ್ತುಗುರಿಯಿಲ್ಲದೆ ನಡೆಯುತ್ತಿದ್ದೆವು. ಎಷ್ಟೋ ದಿನದ ಮೇಲೆ ಮತ್ತೆ ನಡೆದದ್ದು ಅವತ್ತು.

ಮಾರುವ ರೈತ ಐವತ್ತರ ಆಸುಪಾಸಿನ ಮನುಷ್ಯ. ಅಕ್ಕನನ್ನು 'ಮೇಡಮ್ಮೋರೆ' ಎಂದೂ ನನ್ನನ್ನು 'ಸೋಮಿ' ಎಂದೂ ಕರೆಯುತ್ತಿದ್ದ. ಊರಿಗೆ ಅಂಟಿದ್ದ ಜಮೀನನ್ನು ಪರಿವರ್ತನೆ ಮಾಡಿಸಿ ಹತ್ತು ಹನ್ನೆರಡು ಸೈಟು ಮಾಡಿದ್ದ. ಅಕ್ಕನಿಗೆ ತೋರಿಸಿದ್ದು ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ಮುಖ, ಅಂಗೈಯಂತೆ ಸಮ. ಪಡುವಲಿಗೆ ಎರಡಡಿ ತಗ್ಗಿನಲ್ಲಿ ಗಾಡಿ ಜಾಡಿನಂಥ ಒಂದು ಹಾದಿ. ಪಡುವಣ ಗಡಿ ಇದೇನಾ ಎಂದು ಕೇಳಿದೆ. ಹೌದು ಎಂದ. ಅಕ್ಕ ನಡುವೆ ನಿಂತು, ಅಡುಗೆಮನೆ ಎಲ್ಲಿ ಬರುತ್ತದೆ ಎಂದು ನನಗೆ ತೋರಿಸಿದಳು. ಅಡುಗೆಮನೆಯಿಂದ ದೂರದ ಮೂಲೆಯಲ್ಲಿ ತಾನು ಮಲಗುವ ಕೋಣೆ.

ಜ್ಯೇಷ್ಠದಲ್ಲಿ ಬೆಲೆಯ ಮಾತು ಮುಗಿಯಿತು. ಅಷ್ಟರಲ್ಲಿ ಆಷಾಢ ಬಂತು. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ. ಎರಡು ತಿಂಗಳು ಯಾವ ಕೆಲಸಕ್ಕೂ ಕೈ ಹಾಕುವಂತಿಲ್ಲ, ಕೊಳ್ಳುವ ನೆಲವನ್ನು ತುಳಿಯಲೂ ಬಾರದು ಎಂದು ಅಮ್ಮ ಕಟ್ಟುನಿಟ್ಟಾಗಿ ಹೇಳಿದಳು. ನನಗೂ ಅದು ಅನುಕೂಲವೇ ಆಯಿತು. ವಾರದ ರಜೆಯ ದಿನಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ, ತಾಲ್ಲೂಕು ಕಚೇರಿ ತಿರುಗಿ, ಹಿರಿಯರ ಪಟ್ಟಿಯಲ್ಲಿದ್ದ ಪ್ರತಿಯೊಂದು ಕಾಗದವನ್ನೂ ಓದಿದೆ. ರೈತನ ತಾತನ ಕಾಲದ ಪತ್ರದಲ್ಲಿ ಚಕ್ಕುಬಂದಿ ಸ್ಪಷ್ಟವಾಗಿತ್ತು: ಪೂರ್ವಕ್ಕೆ ಓಣಿ, ಪಡುವಲಿಗೆ ಕೋಡಿ. ಗಾಡಿ ಜಾಡನ್ನು ನಾನು ಕಣ್ಣಾರೆ ನೋಡಿದ್ದೆ. ಅದಕ್ಕೆ ಹಿಂದೆ ಆ ಹೆಸರಿದ್ದಿರಬೇಕು ಎಂದುಕೊಂಡು ಗೀಟು ಹಾಕಿದೆ. ಅದೇ ಎರಡು ತಿಂಗಳಲ್ಲಿ ನಗರದ ಮಳೆಯ ಸುದ್ದಿಗಳಿಗೆ ಹಲವು ಸಲ ತಲೆಬರಹ ಕೊಟ್ಟವನೂ ನಾನೇ.

ನಿಜ ಶ್ರಾವಣದ ಒಂದು ಶುಕ್ರವಾರ ಕರಾರು ಬರೆದು, ಕಾಲು ಭಾಗ ಹಣ ಕೊಟ್ಟೆವು. ಅದು ಅಕ್ಕನ ಅಂಚೆ ಕಚೇರಿಯ ಉಳಿತಾಯ. ಉಳಿದದ್ದು ನಿಧಿಯಿಂದ ಬರಬೇಕು. ದಸರಾ ಕಳೆದ ಮೇಲೆ ನೋಂದಣಿ ಎಂದು ತೀರ್ಮಾನವಾಯಿತು.

ನಮ್ಮ ಕಡೆಯವರು ಭೂಮಿ ನೋಡುವುದು ಒಣಗಾಲದಲ್ಲಿ. ಸಂಕ್ರಾಂತಿಯಿಂದ ಅಕ್ಷಯ ತದಿಗೆಯವರೆಗೆ ಒಳ್ಳೆಯ ದಿನಗಳು ಸಾಲಾಗಿ ಬರುತ್ತವೆ. ಮಳೆ ಹಿಡಿಯುವ ಆಷಾಢ ವರ್ಜ್ಯ. ಬೆಂಗಳೂರಿನಲ್ಲಿ ನಿಜವಾದ ಮಳೆ ಸುರಿಯುವ ಹೊತ್ತಿಗೆ ಪಿತೃಪಕ್ಷ, ಅದೂ ವರ್ಜ್ಯ. ಹೀಗೆ, ನೆಲ ತನ್ನ ಗುಣ ತೋರಿಸುವ ದಿನಗಳಲ್ಲೇ ಕೊಳ್ಳುವವರು ಮನೆಯಲ್ಲಿ ಕೂತಿರುತ್ತಾರೆ. ಹಿರಿಯರ ಪಟ್ಟಿಗೆ ನಾನು ಸೇರಿಸಿದ ಸಾಲು ಇದು: ಕಾಗದ ಯಾವಾಗ ಬೇಕಾದರೂ ಓದಿ, ನೆಲವನ್ನು ಮಳೆ ನಿಂತ ಮರುದಿನ ನೋಡಿ; ಹತ್ತಿರದಲ್ಲಿ ಹುಲ್ಲು ಕೊಯ್ಯುವವರು ಯಾರಾದರೂ ಇದ್ದರೆ ಅವರನ್ನು ಮಾತನಾಡಿಸಿ.

ಅಕ್ಕ ಆ ಭಾನುವಾರ ಹೊರಟದ್ದು ಇಂಥ ಜಾಣತನದಿಂದಲ್ಲ. ಅವಳಿಗೆ ತಡೆಯಲಾಗಲಿಲ್ಲ, ಅಷ್ಟೆ. ಗ್ರಾಫ್ ಹಾಳೆಯ ಮೇಲೆ ಮನೆಯ ನಕ್ಷೆ ಬರೆದಿದ್ದಳು. ಬಾಗಿಲು ಎರಡಡಿ ಈಚೆಗೆ ಬರಬೇಕೋ ಆಚೆಗೋ ಎಂದು ಅಳೆದು ನೋಡಬೇಕಿತ್ತು. ಶಾಲೆಯ ಆಟದ ಮೇಷ್ಟ್ರಿಂದ ಉದ್ದ ಜಿಗಿತ ಅಳೆಯುವ ಟೇಪು ತಂದಿದ್ದಳು. ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು. ಪಕ್ಷದಲ್ಲಿ ಸೈಟಿಗೆ ಹೋಗುತ್ತೇವೆ ಎಂದರೆ ಅಮ್ಮ ಬಿಡುವುದಿಲ್ಲ. ಹೆರಿಗೆಯಾದ ಸಹೋದ್ಯೋಗಿಯೊಬ್ಬರನ್ನು ನೋಡಲು ಹೋಗುತ್ತಿದ್ದೇವೆ ಎಂದು ಅಕ್ಕ ಸುಳ್ಳು ಹೇಳಿದಳು. ಅಮ್ಮ ಒಳಗೆ ಹೋಗಿ, ಬಾಣಂತಿಗೆ ಎಂದು ಮೆಣಸಿನ ಸಾರಿನ ಪುಡಿಯ ಪೊಟ್ಟಣ ಕಟ್ಟಿಕೊಟ್ಟಳು. ಅಕ್ಕ ಅದನ್ನು ಬುಧವಾರದವರೆಗೆ ಶಾಲೆಯ ಚೀಲದಲ್ಲಿ ಬಚ್ಚಿಟ್ಟಳು.

ಹಿಂದಿನ ಮೂರು ದಿನ ಮಳೆ ಸುರಿದಿತ್ತು. ಭಾನುವಾರ ಬಿಸಿಲು. ಗಾಡಿ ಜಾಡಿನ ತುಂಬ ಕೆಂಪು ನೀರು ಹರಿಯುತ್ತಿತ್ತು, ಹರಿದು ಸೈಟಿನ ಮೇಲೆ ಹರಡಿತ್ತು. ಬದುವಿನ ಮೇಲೆ ಮುದುಕಿಯೊಬ್ಬಳು ದನಕ್ಕೆ ಹುಲ್ಲು ಕೊಯ್ಯುತ್ತಿದ್ದಳು. ಅಕ್ಕ ಛತ್ರಿಯಿಂದ ನೀರು ಕೆದಕುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಏನ್ ಕಳ್ಕೊಂಡ್ರವ್ವಾ?"

"ಸೈಟಿನ ಕಲ್ಲು ಅಜ್ಜಿ."

"ಕಲ್ಲು ಎಲ್ಲೋಯ್ತವೆ, ಅಲ್ಲೇ ಇರ್ತವೆ. ದೀಪಾವಳಿ ಕಳುದ್ ಮ್ಯಾಕೆ ಬನ್ನಿ, ಕಾಣ್ತವೆ. ಕೆರೆ ಕೋಡಿ ಬಿದ್ದಾಗ್ಲೆಲ್ಲ ಹಿಂಗೇಯ."

ಕೆರೆ ಇದ್ದದ್ದು ಮೇಲೆ, ಹುಣಸೆ ಮರಗಳ ಸಾಲಿನ ಹಿಂದೆ. ಅದು ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ದಾರಿಯೇ ಕೋಡಿ. ನಾನು ಗಾಡಿ ಜಾಡು ಎಂದುಕೊಂಡದ್ದು ಅದನ್ನೇ. ಎಷ್ಟು ದಿನ ನಿಲ್ಲುತ್ತದೆ ಎಂದು ಅಕ್ಕ ಕೇಳಿದಳು. ಕೆಲವು ವರ್ಷ ಬರುವುದೇ ಇಲ್ಲ, ಬಂದ ವರ್ಷ ಒಂದು ತಿಂಗಳು ಎಂದು ಮುದುಕಿ ಹೇಳಿ, ಹುಲ್ಲಿನ ಹೊರೆ ಕಟ್ಟಿದಳು. ಅಕ್ಕ ಗ್ರಾಫ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ನಿಧಿಯ ಹಣ ಮಂಜೂರಾಗಿ ಶಾಲೆಗೆ ಪತ್ರ ಬಂದು ಆಗಲೇ ಒಂದು ವಾರವಾಗಿತ್ತು.

ರೈತನ ಮನೆಯಲ್ಲಿ ಹಿರಿಯರ ಎಡೆಗೆ ಸಿದ್ಧತೆ ನಡೆದಿತ್ತು. ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ನಮ್ಮನ್ನು ಕಂಡು ಅವನು ಬೆಚ್ಚಿದ. ನಾವು ಬಂದದ್ದಕ್ಕಲ್ಲ, ಪಕ್ಷದಲ್ಲಿ ಬಂದದ್ದಕ್ಕೆ. ನಾನು ನೇರವಾಗಿ ಕೇಳಿದೆ: ನೀರು ನಿಲ್ಲುತ್ತದೆ ಎಂದು ಯಾಕೆ ಹೇಳಲಿಲ್ಲ?

"ನೀವು ಕೇಳ್ನಿಲ್ವಲ್ಲ ಸೋಮಿ. ಕಾಗ್ದ ಕೇಳಿದ್ರಿ, ನಮ್ಮಪ್ಪಂದು, ತಾತಂದು, ಎಲ್ಲಾ ತಂದ್ಕೊಟ್ಟೆ. ಪಡುವಲಿಗೆ ಕೋಡಿ ಅಂತ ಅದ್ರಾಗೇ ಬರ್ದದೆ. ನೀವೇ ಓದಿ ಗೀಟಾಕ್ಕೊಂಡ್ರಿ."

ಅದು ನಿಜವಾಗಿತ್ತು. ಅವನು ಅಕ್ಕನ ಕಡೆ ತಿರುಗಿದ. ಅವನ ದನಿಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವನ ಅಳುಕಿರಲಿಲ್ಲ, ನೊಂದವನ ದನಿ ಅದು.

"ಮಕ್ಳಿಗೆ ಪಾಠ ಯೋಳೋ ತಾಯಿ, ಒಂಟಿ ಜೀವ ಅಂತ ಒಳ್ಳೆ ಭೂಮಿನೇ ಆರ್ಸಿ ಕೊಟ್ಟಿವ್ನಿ. ನಮ್ಮಪ್ಪ ಭತ್ತ ಬೆಳೀತಿದ್ದದ್ದು ಅದ್ರಾಗೇ. ನೀರು ಬರೋ ಭೂಮಿನೇ ಅಲ್ವಾ ಭೂಮಿ?"

ಮುಂಗಡ ವಾಪಸು ಕೊಡು ಎಂದು ಕೇಳುವಂತಿರಲಿಲ್ಲ. ಅದು ಅವನ ಮಗಳ ಮದುವೆಯ ಒಡವೆಯಾಗಿ ಅಕ್ಕಸಾಲಿಗನ ಕೈ ಸೇರಿದೆ ಎಂದು ಅವನೇ ಹೇಳಿದ್ದ. ಬಿಟ್ಟುಬಂದರೆ ಅಕ್ಕನ ಉಳಿತಾಯ ಹೋಯಿತು. ನೋಂದಾಯಿಸಿದರೆ ನಿಧಿಯ ಹಣ ನೀರಿನಲ್ಲಿ ನಿಲ್ಲುತ್ತದೆ. ನಾನು ವಕೀಲರೊಬ್ಬರನ್ನು ನೆನಪಿಸಿಕೊಳ್ಳುತ್ತಿದ್ದೆ.

"ಯಜಮಾನ್ರೆ," ಅಂದಳು ಅಕ್ಕ, "ನಿಮ್ಮ ಕೆಟ್ಟ ಭೂಮಿ ಎಲ್ಲಿದೆ? ಅದನ್ನ ತೋರ್ಸಿ."

ಅವನಿಗೆ ನಗು ಬಂತು. ಅದು ಕುರಿ ಮೇಯುವ ಬಂಡೆ, ಹುರುಳಿ ಕೂಡ ಹುಟ್ಟುವುದಿಲ್ಲ ಎಂದ. ಆದರೂ ಮೇಲುಹೊದಿಕೆ ಹೆಗಲಿಗೆ ಹಾಕಿಕೊಂಡು ಹೊರಟ.

ಊರ ಇನ್ನೊಂದು ಬದಿಯಲ್ಲಿ ದಿಣ್ಣೆ. ಮೂರು ದಿನದ ಮಳೆಯ ನಂತರವೂ ಅಲ್ಲಿ ನೆಲ ಒಣಗಿತ್ತು, ಬಂಡೆಯ ಗುಳಿಗಳಲ್ಲಿ ಮಾತ್ರ ಅಂಗೈಯಷ್ಟು ನೀರು. ದಿಣ್ಣೆಯೂ ಅದೇ ಪರಿವರ್ತನೆಯ ಆದೇಶಕ್ಕೆ ಸೇರಿತ್ತು, ಆದರೆ ಕೊಳ್ಳುವವರು ಯಾರು ಎಂದು ಅವನು ಕಲ್ಲನ್ನೂ ನೆಟ್ಟಿರಲಿಲ್ಲ. ಜಾಗ ಓಣಿಯ ಕಡೆ ಅಗಲ, ಹಿಂದಕ್ಕೆ ಹೋದಂತೆ ಕಿರಿದು. ಅಂಥದ್ದನ್ನು ವ್ಯಾಘ್ರಮುಖ ಎಂದು ಜನ ಮನೆಗೆ ಕೊಳ್ಳುವುದಿಲ್ಲ. ಪೂರ್ವಕ್ಕೆ ನೋಡಿದರೆ ದೂರದಲ್ಲಿ ವಿಜಯನಗರದ ಹೊಸ ಮನೆಗಳು, ಅವುಗಳ ತಾರಸಿಯ ಮೇಲೆ ಒಣಹಾಕಿದ ಬಟ್ಟೆ. ಅಕ್ಕ ಟೇಪು ಬಿಚ್ಚಿದಳು. ಒಂದು ತುದಿಯನ್ನು ರೈತ ಹಿಡಿದ.

ಈ ಜಾಗದ ಕಾಗದ ನಾವು ಒಂದನ್ನೂ ನೋಡಿಲ್ಲ, ಇವತ್ತು ಏನೂ ಒಪ್ಪಬೇಡ ಎಂದು ನಾನು ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ.

"ಕಾಗದ ನೀನು ನೋಡು," ಅಂದಳು. "ನೆಲ ನಾನು ನೋಡಿದೀನಿ."

ಕಾಗದದಲ್ಲಿ ತೊಡಕಿತ್ತು. ಅಣ್ಣತಮ್ಮಂದಿರು ಮೂವರು ಭಾಗವಾದಾಗ, ವಿಭಾಗ ಪತ್ರದಲ್ಲಿ ಆ ದಿಣ್ಣೆಯನ್ನು ಯಾರ ಪಾಲಿಗೂ ಬರೆದಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅದು ಆಸ್ತಿ ಎಂದು ಯಾರಿಗೂ ಅನ್ನಿಸಿರಲಿಲ್ಲ. ಖಾತೆ ಇವನ ಹೆಸರಿನಲ್ಲಿದ್ದುದರಿಂದ ಪರಿವರ್ತನೆ ಆಗಿತ್ತು, ಆದರೆ ಮಾರಲು ಮೂವರ ಸಹಿಯೂ ಬೇಕಾಯಿತು. ನಡುವಿನವನು ನಗರದ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನನ್ನು ಹುಡುಕಿ ಒಪ್ಪಿಸುವ ಹೊತ್ತಿಗೆ ದೀಪಾವಳಿ ಕಳೆಯಿತು. ಹಳೆಯ ಕರಾರು ರದ್ದು ಮಾಡಿ, ಅದೇ ಮುಂಗಡಕ್ಕೆ ಹೊಸದು ಬರೆದೆವು. ಬರೆಯುವ ದಿನ ರೈತನೇ ಒಂದು ಮಾತು ತೆಗೆದ. ಗದ್ದೆಯ ಬೆಲೆಗೆ ಬಂಡೆ ಕೊಟ್ಟೆ ಎಂದರೆ ಊರಲ್ಲಿ ನಗುತ್ತಾರೆ ಎಂದು, ಹಿಂಬದಿಯಲ್ಲಿ ಒಂದು ಪಟ್ಟಿ ನೆಲವನ್ನು ಸೇರಿಸಿಕೊಟ್ಟ. ಆಕಾರ ಸ್ವಲ್ಪ ನೆಟ್ಟಗಾಯಿತು, ಪೂರ್ತಿ ಆಗಲಿಲ್ಲ.

ಅಮ್ಮನಿಗೆ ಆ ಭಾನುವಾರ ಕಳೆದ ಬುಧವಾರವೇ ಎಲ್ಲ ತಿಳಿದಿತ್ತು, ಮಹಾಲಯ ಅಮಾವಾಸ್ಯೆಯ ದಿನ, ಅಕ್ಕನ ಚೀಲದಲ್ಲಿ ಪೊಟ್ಟಣ ಸಿಕ್ಕಾಗ. ಸುಳ್ಳು, ಪಕ್ಷದಲ್ಲಿ ನೆಲ ತುಳಿದದ್ದು, ಮೇಲೆ ಹುಲಿಮೊಗದ ಸೈಟು. ಎರಡು ದಿನ ಅವಳು ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟಳು. ಬೇಕಾದದ್ದನ್ನು ನನ್ನ ಹೆಂಡತಿಯ ಮೂಲಕ ಹೇಳಿಸಿದಳು. ಕಾರ್ತೀಕದಲ್ಲಿ ಒಂದು ದಿನ ತಾನೇ ನೋಡುತ್ತೇನೆ ಎಂದು ಹೊರಟಳು. ದಿಣ್ಣೆಯ ಮೇಲೆ ನಿಂತು, ಗಾಳಿಗೆ ಹಾರುವ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ಸುತ್ತ ನೋಡಿದಳು.

"ಬಟ್ಟೆ ಬೇಗ ಒಣಗತ್ತೆ," ಅಂದಳು. ಸೈಟು ನನ್ನ ಹೆಸರಿಗಾಗಬೇಕು ಎನ್ನುವ ಮಾತನ್ನು ಆಮೇಲೆ ಎತ್ತಲಿಲ್ಲ.

1978ರ ಮಾಘದಲ್ಲಿ ನೋಂದಣಿಯಾಯಿತು. ಪತ್ರ ಬರೆಯುವವರು ಕೊಳ್ಳುವವರ ಗಂಡನ ಹೆಸರು ಕೇಳಿದರು. ಅಕ್ಕ ಅಪ್ಪನ ಹೆಸರು ಹೇಳಿ, ಅದರ ಮುಂದೆ ಉಪಾಧ್ಯಾಯಿನಿ ಎಂದು ಬರೆಸಿದಳು. ಹೆಬ್ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೊರಗೆ ಬಂದವಳು ನನಗೂ ರೈತನಿಗೂ ಕಾಫಿ ಕುಡಿಸಿದಳು.

ಬಂಡೆಯ ಮೇಲೆ ತಳಪಾಯಕ್ಕೆ ಹೆಚ್ಚು ಖರ್ಚಾಗಲಿಲ್ಲ. ಆದರೆ ಅಲ್ಲಿ ಬಾವಿ ತೋಡುವಂತಿರಲಿಲ್ಲ. 1979ರ ಕಾರ್ತೀಕದಲ್ಲಿ ನಾಲ್ಕು ಚದರದ ಮನೆಗೆ ಅಕ್ಕ, ಅಮ್ಮ ಹೋದರು. ಬೀದಿಗೆ ನಲ್ಲಿ ಬರುವವರೆಗೆ ಅಕ್ಕ ಶಾಲೆಗೆ ಹೊರಡುವ ಮುಂಚೆ ಊರ ಬಾವಿಯಿಂದ ಎಂಟು ಕೊಡ ನೀರು ಹೊತ್ತಳು. ರಜೆಯ ದಿನ ಹೋದರೆ ನಾನೂ ಹೊರುತ್ತಿದ್ದೆ. ದಿಣ್ಣೆ ಹತ್ತುವಾಗ ಅವಳ ಕೊಡ ತುಳುಕುತ್ತಿರಲಿಲ್ಲ, ನನ್ನದು ತುಳುಕುತ್ತಿತ್ತು.

ನಾವು ಬಿಟ್ಟ ಕೆಳಗಿನ ಸೈಟು, ಅಕ್ಕ ಮನೆಗೆ ಹೋಗುವ ಮುಂಚಿನ ಫಾಲ್ಗುಣದಲ್ಲೇ ಬೇರೆಯವರಿಗೆ ಹೋಗಿತ್ತು. ಕೋಡಿಯ ವಿಷಯ ನಾನು ಹೋಗಿ ಅವರಿಗೆ ಹೇಳಿದೆ. ಪತ್ರವಾಗಿದೆ, ಮಣ್ಣು ಹಾಕಿಸುತ್ತೇವೆ ಎಂದರು. ನಾಲ್ಕಡಿ ಮಣ್ಣು ಹಾಕಿಸಿ ಮನೆ ಕಟ್ಟಿದರು. ಕೆರೆ ಈಗಿಲ್ಲ. ಹಳ್ಳಿಯ ಹೆಸರು ಬಸ್ ನಿಲ್ದಾಣದ ಫಲಕದಲ್ಲಿ ಉಳಿದಿದೆ.

ಅಮ್ಮ ದಿಣ್ಣೆಯ ಮನೆಯಲ್ಲಿ ಹನ್ನೆರಡು ವರ್ಷ ಬಾಳಿ ಅಲ್ಲೇ ತೀರಿಕೊಂಡಳು. ಅಕ್ಕ ಅಲ್ಲಿಂದಲೇ ನಿವೃತ್ತಳಾದಳು. ಈಗಲೂ ಅಲ್ಲೇ ಇದ್ದಾಳೆ. ಈ ವರ್ಷದ ಮನೆ ಕಂದಾಯವನ್ನು ಏಪ್ರಿಲ್‌ನಲ್ಲಿ ಕಟ್ಟಿದಳು. ರಸೀದಿ ಅವಳ ಹೆಸರಿನಲ್ಲಿದೆ.